ನಮ್ಮ ಮಳೆಯ ಪಂಚಾಂಗವನ್ನು ತಿದ್ದಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯಮಂತ್ರಿಗಳಿಗೆ,

ಚಳ್ಳಕೆರೆ ತಾಲ್ಲೂಕಿನ ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ರೈತ ಮಾಡುವ ನಮಸ್ಕಾರಗಳು.

ಈ ಪತ್ರ ಬರೆಯುವ ಹೊತ್ತಿಗೆ ಮಘೆ ಮಳೆ ಹುಟ್ಟಿ ನಾಲ್ಕು ದಿನವಾಗಿದೆ. ಬೆಳಗಿನಿಂದ ಮೋಡ ನೆತ್ತಿಯ ಮೇಲೆ ಪಡುವಣದಿಂದ ಮೂಡಣಕ್ಕೆ ಓಡುತ್ತಲೇ ಇದೆ. ಹೊಲದಲ್ಲಿ ಶೇಂಗಾ ಹಳದಿ ಹೂ ಬಿಟ್ಟು ನಿಂತಿದೆ. ಈ ಬೆಳೆಯ ಗುಣ ತಮಗೆ ಗೊತ್ತಿರಬಹುದು. ಹೂವು ಬಾಡಿದ ಮೇಲೆ ಅದರ ಬುಡದಿಂದ ಒಂದು ಎಳೆ ಕೆಳಗಿಳಿದು ಮಣ್ಣನ್ನು ಹೊಗುತ್ತದೆ, ಒಳಗೆ ಕಾಯಿ ಕಟ್ಟುತ್ತದೆ. ಮಣ್ಣು ಹಸಿಯಾಗಿದ್ದರೆ ಸೂಜಿ ಬಟ್ಟೆಗೆ ಇಳಿದಂತೆ ಇಳಿಯುತ್ತದೆ. ಒಣಗಿ ಹೆಪ್ಪುಗಟ್ಟಿದ್ದರೆ ಎಳೆ ನೆಲಕ್ಕೆ ತಾಗಿ, ಬಾಗಿ, ಅಲ್ಲೇ ಕಪ್ಪಾಗುತ್ತದೆ. ನಿನ್ನೆ ಸಂಜೆ ಮಂಡಿಯೂರಿ ಕುಳಿತು ಒಂದು ಸಾಲಿನಲ್ಲಿ ಅಂಥ ಎಳೆಗಳನ್ನು ನೋಡುತ್ತಾ ಹೋದೆ. ಆಮೇಲೆ ಮನೆಗೆ ಬಂದು ಈ ಪತ್ರಕ್ಕೆ ಕುಳಿತೆ.

ಮೂವತ್ತು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ‘ಮಳೆ ನೆರಳಿನ ಪ್ರದೇಶ’ ಎಂಬ ಪಾಠ ಪ್ರತಿ ವರ್ಷ ಬರುತ್ತಿತ್ತು. ಹಲಗೆಯ ಮೇಲೆ ಎಡಕ್ಕೆ ಸಮುದ್ರ, ನಡುವೆ ಘಟ್ಟ, ಬಲಕ್ಕೆ ಬಯಲು ಬರೆದು ಬಾಣದ ಗುರುತು ಹಾಕುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸಾರ್, ನೆರಳೆಂದರೆ ತಂಪಾಗಿರಬೇಕಲ್ಲವೇ? ನಮ್ಮೂರಿನ ನೆರಳೇಕೆ ಹೀಗೆ ಸುಡುತ್ತದೆ?” ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಸರಿಯಾದ ಉತ್ತರವೂ ಹೊಳೆಯಲಿಲ್ಲ. ಅಂದಿನಿಂದ ನಾನು ಆ ನೆರಳನ್ನು ಪುಸ್ತಕದಿಂದ ಬಿಡಿಸಿ ಬಯಲಿನಲ್ಲಿ ಓದಲು ಶುರು ಮಾಡಿದೆ.

ಮಗಳನ್ನು ತೀರ್ಥಹಳ್ಳಿ ಕಡೆಗೆ ಕೊಟ್ಟಿದ್ದೇವೆ. ಆಷಾಢದಲ್ಲಿ ಅವಳ ಮನೆಗೆ ಹೋದರೆ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿರುತ್ತಾರೆ. ಬೆಳಿಗ್ಗೆ ಅಲ್ಲಿ ಬಸ್ ಹತ್ತುವಾಗ ನನ್ನ ಕೊಡೆಯಿಂದ ನೀರು ಸೋರುತ್ತಿರುತ್ತದೆ. ಶಿವಮೊಗ್ಗದಲ್ಲಿ ಬರಿಯ ತುಂತುರು. ಹೊಳಲ್ಕೆರೆ ದಾಟುವಾಗ ಸೀಟಿನ ಹಿಂದಿನ ಕಂಬಿಗೆ ಸಿಕ್ಕಿಸಿದ ಕೊಡೆ ಗರಿಗರಿಯಾಗಿ ಒಣಗಿರುತ್ತದೆ. ಚಿತ್ರದುರ್ಗ ಕಳೆದು ಚಳ್ಳಕೆರೆಯಲ್ಲಿ ಇಳಿದರೆ ಕಣ್ಣಿಗೆ ದೂಳು. ಒಂದು ಹಗಲಿನ ದಾರಿ ಅಷ್ಟೇ. ಆಗುಂಬೆಯಿಂದ ನಮ್ಮೂರಿಗೆ ಹಕ್ಕಿ ಹಾರಿದರೆ ಇನ್ನೂರು ಕಿಲೋಮೀಟರ್ ಕೂಡ ಆಗುವುದಿಲ್ಲ. ಆಗುಂಬೆಯ ವರ್ಷದ ಸರಾಸರಿ ಮಳೆ ಸುಮಾರು 7,600 ಮಿ.ಮೀ. ನಮ್ಮದು 500ರ ಆಸುಪಾಸು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ 4,508 ಮಿ.ಮೀ. ಸುರಿದ ದಾಖಲೆಯಿದೆ. ಅದು ನಮ್ಮ ನೆಲದ ಒಂಬತ್ತು ವರ್ಷದ ಮಳೆ.

ಕಾರಣ ಸರಳ. ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ಘಟ್ಟಕ್ಕೆ ಬಡಿದು ಮೇಲೇರಲೇಬೇಕು. ಮೋಡ ಕಟ್ಟುವ ತನಕ ಗಾಳಿ ಒಂದು ಕಿಲೋಮೀಟರ್ ಏರಿದರೆ ಹತ್ತು ಡಿಗ್ರಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಇಳಿಸಿಬಿಡುತ್ತದೆ. ನೆತ್ತಿ ದಾಟಿ ಈಚೆಗೆ ಬಂದ ಗಾಳಿ ಹಿಂಡಿದ ಬಟ್ಟೆಯಂತಿರುತ್ತದೆ. ಇಳಿಯುವಾಗ ಮತ್ತೆ ಬೆಚ್ಚಗಾಗಿ ಉಳಿದ ಮೋಡವೂ ಕರಗುತ್ತದೆ. ಪಾಠಪುಸ್ತಕ ಇಷ್ಟಕ್ಕೆ ನಿಲ್ಲುತ್ತದೆ. ಆದರೆ ನಮ್ಮದು ಪ್ರಸ್ಥಭೂಮಿ, ಇಲ್ಲಿ ಇಳಿಜಾರು ಬಹಳವಿಲ್ಲ. ಆ ಗಾಳಿಯನ್ನು ಮತ್ತೊಮ್ಮೆ ಮೇಲೆತ್ತುವ ಬೆಟ್ಟವೂ ಇಲ್ಲ. ಮೇಲಾಗಿ ಮುಂಗಾರಿನ ಬಿರುಸಿನ ತಿಂಗಳುಗಳಲ್ಲಿ ಆಫ್ರಿಕಾದ ಸೊಮಾಲಿಯಾ ತೀರದಿಂದ ಹೊರಟ ಗಾಳಿಯ ಪ್ರವಾಹ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ನಮ್ಮ ತಲೆಯ ಮೇಲೆ ಹಾದು ಹೋಗುತ್ತದೆ. ನೆಲ ಕಾದು ಮೋಡ ಗೋಪುರದಂತೆ ಬೆಳೆಯಬೇಕೆನ್ನುವಷ್ಟರಲ್ಲಿ ಈ ಗಾಳಿ ಅದನ್ನು ಎಳೆದುಕೊಂಡು ಹೋಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ತಾವು ಹೆದ್ದಾರಿಯಿಂದ ನೋಡಿರುತ್ತೀರಿ. ಅವು ಜೋರಾಗಿ ತಿರುಗುವ ದಿನಗಳೇ ನಾವು ಆಕಾಶ ನೋಡುವ ದಿನಗಳು. ಗಾಳಿ ನಿಂತರೆ ಮಳೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿನಲ್ಲಿ ಹವಾಮಾನ ಶಾಸ್ತ್ರವೇ ಇದೆ.

ಹಾಗಾದರೆ ನಮಗೆ ಮಳೆ ಬರುವುದು ಯಾವಾಗ? ಮೇ ತಿಂಗಳ ಗುಡುಗಿನಲ್ಲಿ ಒಂದಿಷ್ಟು. ಆಮೇಲೆ ಪಡುವಣ ಗಾಳಿಯ ಬಿರುಸು ತಗ್ಗಿ, ಬಂಗಾಳ ಕೊಲ್ಲಿಯ ಕಡೆಯ ತೇವ ಒಳಬರುವ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ. ಮಲೆನಾಡಿನವರು ಮಳೆಗಾಲ ಮುಗಿಯಿತೆಂದು ಕಂಬಳಿ ಮಡಿಸಿಡುವ ಹೊತ್ತಿಗೆ ನಮ್ಮ ಮಳೆಗಾಲ ಕಣ್ಣು ಬಿಡುತ್ತದೆ. ಈ ಮಳೆಗೆ ಘಟ್ಟದ ಹಂಗಿಲ್ಲ. ನೆಲ ಕಾದು, ಗಾಳಿ ಮೇಲೆದ್ದು, ಮಧ್ಯಾಹ್ನದ ಮೇಲೆ ಮೋಡ ಮಡುಗಟ್ಟಿ, ಸಿಡಿಲಿನೊಂದಿಗೆ ಬರುವ ಪರಿಸರಣ ಮಳೆ ಅದು. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯುವುದಿಲ್ಲ ಎನ್ನುತ್ತಾರಲ್ಲ, ಆ ಬಗೆಯದು. ಒಂದು ಊರಿಗೆ ಬಂದದ್ದು ಪಕ್ಕದೂರಿಗೆ ಬರುವುದಿಲ್ಲ.

ಈ ಪತ್ರದ ಮುಖ್ಯ ಮಾತು ಇಲ್ಲಿಂದಲೇ ಹೊರಡುತ್ತದೆ. ಸರ್ಕಾರದ ಬರ, ಬೆಳೆ, ವಿಮೆ ಎಲ್ಲದರ ಪಂಚಾಂಗವೂ ಘಟ್ಟ ಹತ್ತಿ ಬರುವ ಮುಂಗಾರಿನ ಲೆಕ್ಕದ್ದು. ಘಟ್ಟದ ಹಿಂದೆ ಬದುಕುವ ನಮಗೆ ಅದು ಮೊದಲೇ ಅಳತೆಗೆ ಬಾರದ ಅಂಗಿಯಾಗಿತ್ತು. ಈಗ ಹವಾಮಾನವೇ ಬದಲಾಗುತ್ತಿರುವಾಗ ಅದು ಹರಿದೇ ಹೋಗಿದೆ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು. ಹಾಗಾದರೆ ಮಳೆ ಹೆಚ್ಚಬೇಕಲ್ಲ ಎಂದು ಯಾರಾದರೂ ಕೇಳಿಯಾರು. ತೇವ ಹೆಚ್ಚು ಹಿಡಿಯುವ ಗಾಳಿ ತುಂಬಿ ತುಳುಕುವುದಕ್ಕೂ ಹೆಚ್ಚು ತೇವ ಬೇಕು. ಕೊಡ ದೊಡ್ಡದಾದರೆ ತುಂಬಲು ಹೊತ್ತು ಹೆಚ್ಚು, ಮಗುಚಿದಾಗ ಸುರಿಯುವ ನೀರೂ ಹೆಚ್ಚು. ಆದ್ದರಿಂದ ನಡುವಿನ ಒಣ ದಿನಗಳು ಉದ್ದವಾಗುತ್ತವೆ, ಸುರಿದಾಗ ಮಾತ್ರ ನೆಲ ಕೊಚ್ಚಿಹೋಗುವಂತೆ ಸುರಿಯುತ್ತದೆ. ಮಧ್ಯ ಭಾರತದ ಉದ್ದಗಲಕ್ಕೆ ವ್ಯಾಪಿಸುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ, ಅರಬ್ಬೀ ಸಮುದ್ರ ಬಿಸಿಯಾದದ್ದರ ಜೊತೆಗೆ ಅದನ್ನು ಜೋಡಿಸಿದ್ದಾರೆ. ಮುಂಗಾರು ಹಿಂದೆ ಸರಿಯುವುದೂ ತಡವಾಗುತ್ತಿದೆ. ಭಾರತೀಯ ಹವಾಮಾನ ಇಲಾಖೆ 2020ರಲ್ಲಿ ತನ್ನ ದಿನಾಂಕಗಳನ್ನೇ ತಿದ್ದಿತು. ವಾಯವ್ಯ ಭಾರತದಿಂದ ಮುಂಗಾರು ಹಿಂದಿರುಗಲು ಶುರುವಾಗುವ ದಿನ ಸೆಪ್ಟೆಂಬರ್ 1 ಎಂದಿದ್ದದ್ದು ಈಗ ಸೆಪ್ಟೆಂಬರ್ 17. ದೆಹಲಿಯ ಕಚೇರಿ ಆಕಾಶ ನೋಡಿ ತನ್ನ ಪಂಚಾಂಗ ತಿದ್ದಿಕೊಂಡಿತು. ನಮ್ಮ ತಾಲ್ಲೂಕು ಕಚೇರಿಯ ಪಂಚಾಂಗವನ್ನು ಯಾರು ತಿದ್ದುತ್ತಾರೆ?

ಈ ಎರಡು ತುದಿಗಳನ್ನು ಒಂದೇ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಕಂಡಿದ್ದೇವೆ. 1907ರಲ್ಲಿ ಕಟ್ಟಿ ಮುಗಿದ ಮಾರಿ ಕಣಿವೆ ಜಲಾಶಯ, ಅಂದರೆ ನಮ್ಮ ವಾಣಿ ವಿಲಾಸ ಸಾಗರ, 1933ರಲ್ಲಿ ಕೋಡಿ ಹರಿದದ್ದನ್ನು ಅಜ್ಜಂದಿರು ಕತೆಯಂತೆ ಹೇಳುತ್ತಿದ್ದರು. ಎಂಬತ್ತೊಂಬತ್ತು ವರ್ಷದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ಅದು ಮತ್ತೆ ಕೋಡಿ ಬಿದ್ದಿತು. ನಾನೂ ಮೊಮ್ಮಗನನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ಜನ ಕಣ್ಣೀರು ಹಾಕುತ್ತಿದ್ದರು. ಸರಿಯಾಗಿ ಒಂದು ವರ್ಷಕ್ಕೆ, 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು.

ನನ್ನ ಬಳಿ ಒಂದು ಮಳೆ ಪುಸ್ತಕವಿದೆ. ಶಾಲೆಯಲ್ಲಿದ್ದಾಗಲೇ ಶುರು ಮಾಡಿದ್ದು. ಅಂಗಳದಲ್ಲಿ ಹೂತಿಟ್ಟ ಒಂದು ಗಾಜಿನ ಬಾಟಲಿ, ಅದರ ಬಾಯಿಗೆ ತಗಡಿನ ಆಲಿಕೆ, ಬೆಳಿಗ್ಗೆ ಎಂಟೂವರೆಗೆ ಅಳತೆ. ಮಳೆ ಎಷ್ಟಾಯಿತು ಎನ್ನುವುದರ ಜೊತೆ ಎಷ್ಟು ಹೊತ್ತು ಹೊಯ್ದಿತು ಎಂಬುದನ್ನೂ ಬರೆಯುತ್ತೇನೆ. ಹಳೆಯ ಪುಟಗಳಲ್ಲಿ ‘ರಾತ್ರಿಯೆಲ್ಲ ಸಣ್ಣಗೆ’, ‘ಬೆಳಗಿನ ಜಾವದವರೆಗೆ’ ಎಂಬ ಮಾತುಗಳು ಹೆಚ್ಚು. ಈಚಿನ ಪುಟಗಳಲ್ಲಿ ‘ಮುಕ್ಕಾಲು ಗಂಟೆ’, ‘ಅರ್ಧ ಗಂಟೆ, ಬದು ಒಡೆಯಿತು’. ಕೆಲವು ವರ್ಷಗಳ ಹಿಂದೆ ಚಿತ್ತೆ ಮಳೆಯ ಒಂದು ರಾತ್ರಿ ಬಾಟಲಿ ತುಂಬಿ ಹೊರಚೆಲ್ಲಿತ್ತು. ಆ ದಿನದ ಮುಂದೆ ‘ಅಳತೆಗೆ ಸಿಗಲಿಲ್ಲ’ ಎಂದು ಬರೆದಿದ್ದೇನೆ.

ಆ ರಾತ್ರಿ ನಮ್ಮ ಶೇಂಗಾ ಕಿತ್ತು ಹೊಲದಲ್ಲಿ ಸಾಲು ಹಾಕಿತ್ತು. ಎರಡು ದಿನ ಬಿಸಿಲು ಸಿಕ್ಕಿದ್ದರೆ ಬಣವೆ ಒಟ್ಟುತ್ತಿದ್ದೆವು. ಬೆಳಿಗ್ಗೆ ಹೋದಾಗ ಅರ್ಧ ಬಳ್ಳಿ ಹಳ್ಳದ ಪಾಲಾಗಿತ್ತು, ಉಳಿದದ್ದು ಕೆಂಪು ಕೆಸರಿನಲ್ಲಿ ಅಂಟಿಕೊಂಡಿತ್ತು. ನಾಲ್ಕನೆಯ ದಿನಕ್ಕೆ ಕಾಯಿಯೊಳಗಿನಿಂದ ಬಿಳಿ ಮೊಳಕೆ ಇಣುಕಿತು. ನಮ್ಮಲ್ಲಿ ಇಂದಿಗೂ ಬಿತ್ತುವ ಟಿಎಂವಿ-2 ತಳಿ ಬಿಡುಗಡೆಯಾದದ್ದು 1940ರಲ್ಲಿ. ಅದರ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ, ಹಸಿ ತಾಗಿದರೆ ಅಲ್ಲೇ ಮೊಳೆಯುತ್ತದೆ. ಕೊಯ್ಲಿನ ಹೊತ್ತಿಗೆ ಆಕಾಶ ತಿಳಿಯಾಗಿರುತ್ತದೆ ಎಂದು ನಂಬಿಕೊಂಡಿದ್ದ ಕಾಲದ ತಳಿ ಅದು. ದನಗಳಿಗೆ ಹಾಕೋಣವೆಂದರೆ ಹೊಟ್ಟಿಗೂ ಬೂಷ್ಟು. ಕಿತ್ತು ಹಾಕಿದ ಬೆಳೆಗೆ ಹದಿನಾಲ್ಕು ದಿನದವರೆಗೆ ವಿಮೆಯ ರಕ್ಷಣೆಯಿದೆ, ಆದರೆ 72 ಗಂಟೆಯೊಳಗೆ ತಿಳಿಸಬೇಕು. ಕರೆಂಟು ಹೋಗಿ ಮೊಬೈಲ್ ಸತ್ತಿತ್ತು, ಹಳ್ಳ ದಾಟಿ ಪೇಟೆಗೆ ಹೋಗುವಷ್ಟರಲ್ಲಿ ಗಡುವು ಮೀರಿತ್ತು. ಅರ್ಜಿ ತಿರಸ್ಕಾರವಾಯಿತು. ಅದು ಯಾವ ಕಂಪನಿ ಎಂದು ಹೇಳುವುದು ಇಲ್ಲಿ ಮುಖ್ಯವಲ್ಲ. ಹಳ್ಳ ಇಳಿಯಲು ಮೂರು ದಿನ ಬೇಕಾಗುವ ಮಳೆಗೆ ಮೂರು ದಿನದ ಗಡುವು ಸಾಲದು.

ಬರದ ಲೆಕ್ಕದಲ್ಲೂ ಇದೇ ಸಂಕಟ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಸತತ ಮೂರು-ನಾಲ್ಕು ವಾರ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆಯಾದರೆ ಅದು ಶುಷ್ಕ ಅವಧಿ. ಹತ್ತೊಂಬತ್ತು ದಿನ ಬಿಸಿಲು ಕಾಯ್ದು, ಇಪ್ಪತ್ತನೆಯ ದಿನ ಅರ್ಧ ಗಂಟೆ ಹೊಡೆದು ಹೋದರೆ ಆ ವಾರದ ಕೋಷ್ಟಕ ತುಂಬಿತು, ಸರಪಳಿ ಕಡಿಯಿತು, ಕಾಗದದಲ್ಲಿ ಬರವಿಲ್ಲ. ಆದರೆ ನಮ್ಮ ಕೆಂಪು ಮರಳು ಮಣ್ಣು ಅರ್ಧ ಗಂಟೆಯಲ್ಲಿ ಬಂದ ನೀರನ್ನು ಕುಡಿಯುವುದಿಲ್ಲ. ಮೇಲೆ ಹೆಪ್ಪು ಕಟ್ಟಿ ನೀರನ್ನು ಹಳ್ಳಕ್ಕೆ ಕಳಿಸುತ್ತದೆ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆಯೆಂದರೆ ನಾಲ್ಕು ಸಾವಿರ ಲೀಟರ್ ನೀರು. ಬಿದ್ದದ್ದೆಷ್ಟು ಎನ್ನುವುದು ಸರ್ಕಾರದ ಲೆಕ್ಕ, ಬೇರಿಗೆ ಸಿಕ್ಕಿದ್ದೆಷ್ಟು ಎನ್ನುವುದು ನಮ್ಮ ಲೆಕ್ಕ.

ನೋವಿನ ಸಂಗತಿಯೆಂದರೆ, ಈ ಎರಡನೆಯ ಲೆಕ್ಕ ಮಾಡುವ ಸಾಧನ ದೇಶದ ಬೇರೆ ರಾಜ್ಯಗಳಿಗಿಂತ ಮೊದಲು ನಮ್ಮ ರಾಜ್ಯಕ್ಕೇ ಒದಗಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿದೆ, ಅವು ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಆ ಕೇಂದ್ರದ ಸಹಾಯವಾಣಿ ‘ವರುಣ ಮಿತ್ರ’ಕ್ಕೆ ನಾನೇ ಎಷ್ಟೋ ಸಲ ಫೋನ್ ಮಾಡಿದ್ದೇನೆ, ಸೌಜನ್ಯದಿಂದ ಉತ್ತರಿಸುತ್ತಾರೆ. ಮಳೆ ಎಷ್ಟು ನಿಮಿಷದಲ್ಲಿ ಬಿತ್ತು ಎಂಬುದು ಆ ಕೇಂದ್ರಕ್ಕೆ ಗೊತ್ತಿದೆ. ಬರದ ವರದಿಗೆ ಬರುವಾಗ ಮಾತ್ರ ಅದು ವಾರದ ಒಟ್ಟು ಮೊತ್ತವಾಗಿ ಕರಗಿಹೋಗುತ್ತದೆ. ಮಳೆ ನೆರಳಿನ ತಾಲ್ಲೂಕುಗಳಿಗಾದರೂ, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಪಾವಗಡ, ಶಿರಾದಂಥವುಗಳಿಗಾದರೂ, ಮಳೆಯ ದಿನಗಳನ್ನೂ ಬಿರುಸನ್ನೂ ಸೇರಿಸಿ ಬರ ಅಳೆಯುವ ಕ್ರಮ ತನ್ನಿ. ಮುಂಗಾರು ಬೆಳೆಯ ಬರವನ್ನು ಅಕ್ಟೋಬರ್ 31ರೊಳಗೆ ಘೋಷಿಸಬೇಕು ಎನ್ನುವ ನಿಯಮ ನಮಗೆ ಹೊಂದುವುದಿಲ್ಲ, ನಮ್ಮ ಬೆಳೆಯ ಹಣೆಬರಹ ಆ ತಿಂಗಳಲ್ಲೇ ಬರೆಯಲ್ಪಡುತ್ತಿರುತ್ತದೆ. ಕೇಂದ್ರ ಸರ್ಕಾರದ ಮುಂದೆ ಈ ಮಾತನ್ನು ಇಡಬಲ್ಲವರು ತಾವು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನಿಗಳಿಗೆ ತಡವಾಗಿ ಬಿತ್ತುವ, ಕೊಯ್ಲಿನ ಮಳೆ ತಡೆಯುವ ತಳಿಗಳ ಕೆಲಸಕ್ಕೆ ಹಣ ಕೊಡಿ. ಅಕ್ಕಡಿ ಸಾಲು ಬಿಡುವುದು, ಸಾವೆ, ನವಣೆ ಬಿತ್ತುವುದು ನಮಗೆ ಹೊಸತಲ್ಲ. ವಿಮೆಯ ಪಟ್ಟಿಗೆ ಆ ಬೆರಕೆ ಬೇಸಾಯ ಕಾಣಬೇಕು, ಅಷ್ಟೇ.

ಇನ್ನು ಮೋಡ ಬಿತ್ತನೆ. ಪ್ರತಿ ಬರದಲ್ಲೂ ಈ ಬೇಡಿಕೆ ಏಳುತ್ತದೆ. ಸರ್ಕಾರ 2003ರಲ್ಲಿ, 2017ರಲ್ಲಿ, 2019ರಲ್ಲಿ ವಿಮಾನ ಹಾರಿಸಿತು. ನಾನು ವಿರೋಧಿಯಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ನಮ್ಮಂತೆಯೇ ಮಳೆ ನೆರಳಿನಲ್ಲಿರುವ ಸೊಲ್ಲಾಪುರದಲ್ಲಿ ಶ್ರದ್ಧೆಯಿಂದ ಪ್ರಯೋಗ ಮಾಡಿ, ತಕ್ಕ ಮೋಡ ಸಿಕ್ಕಾಗ ಮಳೆ ಶೇ 18ರವರೆಗೆ ಹೆಚ್ಚಬಹುದು ಎಂದಿದ್ದಾರೆ. ಆದರೆ ಬಿತ್ತಲು ಮೋಡವಿರಬೇಕು, ಅದು ತಕ್ಕಷ್ಟು ಎತ್ತರಕ್ಕೆ ಬೆಳೆದಿರಬೇಕು. ಬರದ ಜುಲೈನಲ್ಲಿ ನಮ್ಮ ಮೇಲೆ ಓಡುವುದು ತೆಳ್ಳನೆಯ, ಅವಸರದ ಮೋಡ. ಬೀಜ ಎಷ್ಟೇ ಒಳ್ಳೆಯದಿದ್ದರೂ ಬಂಡೆಯ ಮೇಲೆ ಬೆಳೆ ಬರುವುದಿಲ್ಲ.

ಬರುವ ಮಳೆಯೇ ಅರ್ಧ ಗಂಟೆಯದಾಗಿರುವಾಗ ಅದನ್ನು ಹಿಡಿಯುವ ಜಾಗ ಬೇಕು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಹೋಗಿ ನೋಡಿ. ನಾಲ್ಕನೆಯ ಶತಮಾನದ ಕದಂಬ ಮಯೂರಶರ್ಮನ ಶಾಸನ ಅಲ್ಲಿನ ಕೆರೆಯ ಕೆಲಸವನ್ನು ದಾಖಲಿಸಿದೆ. ಕೋಟೆಯ ಮೇಲೆ ಬಂಡೆಯಿಂದ ಜಾರಿದ ಹನಿಯನ್ನೂ ಬಿಡದೆ ಹೊಂಡದಿಂದ ಹೊಂಡಕ್ಕೆ ಇಳಿಸಿದ್ದಾರೆ. ಇಲ್ಲಿ ಮಳೆ ಅಪರೂಪ, ಬಂದರೆ ಅಬ್ಬರ ಎಂಬುದು ಅವರಿಗೆ ಗೊತ್ತಿತ್ತು. ನಮ್ಮೂರ ಕೆರೆಯ ಹೂಳು ತೆಗೆಸಿದ್ದೀರಿ, ಕೃತಜ್ಞ. ಆದರೆ ಕೆರೆಗೆ ನೀರು ತರುವ ಹಳ್ಳ, ಪೋಷಕ ಕಾಲುವೆ ಮುಳ್ಳು ಜಾಲಿ ಬೆಳೆದು, ಒತ್ತುವರಿಯಾಗಿ, ಕೆಲವೆಡೆ ರಸ್ತೆಯಡಿ ಮುಚ್ಚಿಹೋಗಿವೆ. ನೀರು ಬರುವ ದಾರಿಯಿಲ್ಲದ ಕೆರೆ ಎಷ್ಟು ಆಳವಾದರೇನು? ಮುಂದಿನ ಆಯವ್ಯಯದಲ್ಲಿ ಕೆರೆಯ ಹೊಟ್ಟೆಗಿಂತ ಮೊದಲು ಅದರ ಬಾಯಿಗೆ ಹಣ ಇಡಿ. ಕಾವಲುಗಳಲ್ಲಿರುವ ಗೋಕಟ್ಟೆಗಳನ್ನು ಮರೆಯಬೇಡಿ, ಕುರಿ ಮತ್ತು ದನಗಳು ಬದುಕಿರುವುದು ಅವುಗಳಿಂದ.

ಕೊನೆಯದಾಗಿ ಘಟ್ಟದ ಮಾತು. ನಮ್ಮ ರಾಜ್ಯದ ಪಾಲಿನ ಪಶ್ಚಿಮ ಘಟ್ಟದಲ್ಲಿ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸುವ ಕಸ್ತೂರಿರಂಗನ್ ವರದಿಯನ್ನು ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ಅದೇ ವರ್ಷದ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನ ಗುಡ್ಡ ಕುಸಿದಿತ್ತು, ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋಗಿದ್ದವು. ಮಲೆನಾಡಿನ ಸಣ್ಣ ಹಿಡುವಳಿದಾರರ ಭಯ ನನಗೆ ಅರ್ಥವಾಗುತ್ತದೆ, ನನ್ನ ಮಗಳ ಮನೆಯೂ ಅಲ್ಲಿಯೇ ಇದೆ. ಅವರನ್ನು ಒಕ್ಕಲೆಬ್ಬಿಸಬೇಕೆಂದು ನಾನು ಎಂದೂ ಹೇಳುವುದಿಲ್ಲ. ಆದರೆ ಈ ಚರ್ಚೆಯಲ್ಲಿ ಘಟ್ಟದ ಈಚೆ ಬದಿಯವರನ್ನು ಒಮ್ಮೆಯೂ ಯಾರೂ ಕೇಳಲಿಲ್ಲ. ಮುಂಬೈ ಐಐಟಿಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಹೇಳುವಂತೆ, ನಮ್ಮಂತೆಯೇ ಘಟ್ಟದ ಮರೆಯಲ್ಲಿರುವ ತಮಿಳುನಾಡಿನ ಮುಂಗಾರು ಮಳೆಗೆ ಬೇಕಾದ ತೇವದ ಕಾಲು ಭಾಗದಷ್ಟು ಘಟ್ಟದ ಕಾಡಿನ ಎಲೆಗಳು ಉಸಿರಾಡಿದ್ದು, ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಶೇ 40ರವರೆಗೆ ಏರುತ್ತದೆ. ಅಂದರೆ ಗುಡ್ಡ ಹಿಂಡಿಕೊಂಡ ನೀರಿನಲ್ಲಿ ಒಂದಷ್ಟನ್ನು ಕಾಡು ಮತ್ತೆ ಗಾಳಿಗೆ ಕೊಟ್ಟು ಈಚೆಗೆ ಕಳಿಸುತ್ತದೆ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾವತಿ ನಮ್ಮ ಮಾರಿ ಕಣಿವೆಯನ್ನು ತುಂಬುತ್ತದೆ. ದಶಕಗಳಿಂದ ನಾವು ಕಾಯುತ್ತಿರುವ ಭದ್ರಾ ಮೇಲ್ದಂಡೆ ಯೋಜನೆಯ 29.9 ಟಿಎಂಸಿ ನೀರೂ ಘಟ್ಟದಲ್ಲೇ ಸುರಿದ ಮಳೆ. ಮುಂದಿನ ಬಾರಿ ಘಟ್ಟದ ಬಗ್ಗೆ ಅಹವಾಲು ಕೇಳುವ ಸಭೆಯನ್ನು ಚಳ್ಳಕೆರೆಯಲ್ಲೂ ಒಂದು ದಿನ ನಡೆಸಿ. ನಾವು ಬರುತ್ತೇವೆ.

ನನ್ನ ಮಳೆ ಪುಸ್ತಕಗಳನ್ನು ತಮ್ಮ ಕಚೇರಿ ಕೇಳಿದರೆ ಕಳುಹಿಸಿಕೊಡುತ್ತೇನೆ. ಹಾಳೆಗಳು ಹಳದಿಯಾಗಿವೆ, ಕೆಲವೆಡೆ ಶಾಯಿ ಹರಡಿದೆ, ಆದರೆ ಓದಲು ಬರುತ್ತದೆ. ಪ್ರತಿ ದಿನಾಂಕದ ಪಕ್ಕದಲ್ಲಿ ಮಳೆಯ ಹೆಸರೂ ಇದೆ. ಇಂದಿನ ಸಾಲಿನಲ್ಲಿ ‘ಮಘೆ, ನಾಲ್ಕನೆಯ ದಿನ, ಮೋಡ, ಗಾಳಿ, ಮಳೆ ಇಲ್ಲ’ ಎಂದು ಬರೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ ಹಾಗೂ ರೈತ,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ